ತೋಡಿನ ಸದ್ದು ಹಿಡಿದು ನಡೆದದ್ದು

ನಮ್ಮ ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ 18ರಂದು, ಪಾಯಸಕ್ಕೆ ಹಾಕುವ ಮದ್ದು ಸೊಪ್ಪು ಕೊಯ್ಯಲು ಹೋಗಿ ಗದ್ದೆ ಬದುವಿನಿಂದ ಜಾರಿ ಬಿದ್ದೆ. ಏಟಾಗಲಿಲ್ಲ, ಮೈಯೆಲ್ಲ ಕೆಸರಾಯಿತು ಅಷ್ಟೆ. ಆದರೆ ಚಿಕ್ಕಂದಿನಿಂದ ಓಡಾಡಿದ ಬದು ಅದು. ಕಿವುಡಾದ ಬಲಗಿವಿಗೆ ಕೇಳಿಸಲೆಂದು ಆಪರೇಷನ್ ಮಾಡಿ ಒಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿ ಎಂಟು ತಿಂಗಳಾಗಿತ್ತು. ಆಪರೇಷನ್ ಆದ ಹೊಸತರ ತಲೆಸುತ್ತು ಯಾವಾಗಲೋ ನಿಂತಿತ್ತು. ಮತ್ತೆ ಯಾಕೆ ಬಿದ್ದೆ?

ಸದ್ದು ಹಿಡಿದು ಇಂಪ್ಲಾಂಟಿಗೆ ಕಳಿಸುವ, ಹೊರಗೆ ಹಾಕಿಕೊಳ್ಳುವ ಪ್ರೊಸೆಸರ್ ಅವತ್ತು ಮನೆಯಲ್ಲೇ ಇತ್ತು. ಕೊಡಗಿನ ಮಳೆ ಗೊತ್ತಲ್ವಾ, ಕೊಡೆ ಲೆಕ್ಕಕ್ಕಿಲ್ಲ. ನೆನೆದು ಹಾಳಾದೀತು ಅಂತ ಜೂನ್‌ನಿಂದಲೂ ಅದನ್ನು ಒಣಗಿಸುವ ಡಬ್ಬಿಯಲ್ಲೇ ಜಾಸ್ತಿ ಇಡುತ್ತಿದ್ದೆ.

ಮೈಸೂರಿಗೆ ಮ್ಯಾಪಿಂಗ್‌ಗೆ, ಅಂದರೆ ಪ್ರೊಸೆಸರನ್ನು ನನ್ನ ಕಿವಿಗೆ ಹೊಂದಿಸಿಕೊಳ್ಳಲು, ಹೋದಾಗ ಆಡಿಯಾಲಜಿಸ್ಟ್ (ಶ್ರವಣ ತಜ್ಞೆ) ಮೇಡಂ ಬಿಡಿಸಿ ಹೇಳಿದರು. ಒಳಕಿವಿಯಲ್ಲಿ ಕೇಳಿಸುವ ಸುರುಳಿ, ಪಕ್ಕದಲ್ಲೇ ಸಮತೋಲನದ ಮೂರು ಕೊಳವೆ, ಎರಡು ಪುಟ್ಟ ಚೀಲ. ಐನ್‌ಮನೆಯಲ್ಲಿ ಒಟ್ಟಿಗಿರುವ ಸಂಸಾರಗಳ ಹಾಗೆ. ಇಂಪ್ಲಾಂಟಿನ ಎಲೆಕ್ಟ್ರೋಡ್ ತಂತಿಯನ್ನು ಸುರುಳಿಯೊಳಗೆ ತೂರಿಸುವಾಗ ಪಕ್ಕದ ಚೀಲಕ್ಕೂ ಪೆಟ್ಟಾಗಬಹುದು. ಕಿವುಡು ತಂದ ಕಾಯಿಲೆ ಮೊದಲೇ ಅದನ್ನು ಕೆಡಿಸಿರಲೂಬಹುದು. ಆ ಕೊರತೆಯನ್ನು ಕಣ್ಣು, ಕಾಲು ತುಂಬಿಕೊಡುತ್ತವೆ, ಒಮ್ಮೊಮ್ಮೆ ಕೇಳುವ ಸದ್ದೂ. ನನಗೆ ಅವತ್ತು ಕಣ್ಣೆದುರು ಮಂಜು, ಗಂಬೂಟಿನಡಿ ಕೆಸರು. ಉಳಿದಿದ್ದ ಸದ್ದನ್ನು ಡಬ್ಬಿಗೆ ಹಾಕಿ ಬಂದಿದ್ದೆ.

ನಂಬಿಕೆ ಬರಲಿಲ್ಲ. ಜಗಲಿಯಲ್ಲಿ ಹಾಸಿಗೆ ಮಡಿಸಿ, ಅದರ ಮೇಲೆ ಬರಿಗಾಲಲ್ಲಿ ಪಾದ ಜೋಡಿಸಿ, ಕಣ್ಣು ಮುಚ್ಚಿ ನಿಂತೆ. ಹಿಡಿಯಲು ಪಕ್ಕದಲ್ಲಿ ಹೆಂಡತಿ. (ಒಬ್ಬರೇ ಮಾಡಬೇಡಿ.) ಪ್ರೊಸೆಸರ್ ಇಲ್ಲದೆ ಹತ್ತು ಎಣಿಸುವಷ್ಟರಲ್ಲಿ ವಾಲಿದೆ. ಹಾಕಿಕೊಂಡು, ಎದುರಿನ ಸ್ಟೂಲ್ ಮೇಲೆ ಮಡಿಕೇರಿ ಆಕಾಶವಾಣಿ ಹಚ್ಚಿಟ್ಟು ನಿಂತಾಗ ಇಪ್ಪತ್ತೈದರವರೆಗೆ ತಡೆದೆ. "ರೇಡಿಯೊನ ಗೂಟದ ತರ ಹಿಡ್ಕೊಂಡಿದ್ದೀರಲ್ಲ ರೀ" ಅಂದಳು. ಆಮೇಲೆ ತಮಾಷೆಗೆ ಅದನ್ನು ಎತ್ತಿಕೊಂಡು ಅತ್ತಿತ್ತ ಓಡಾಡಿದಳು. ನಾನೂ ಅದರ ಹಿಂದೆಯೇ ವಾಲಿದೆ! ತಗಡಿನ ಮೇಲೆ ಮಳೆ ಜೋರಾದಾಗಲಂತೂ ಏನೂ ಉಪಯೋಗವಾಗಲಿಲ್ಲ. ಸದ್ದು ಜಾಸ್ತಿ ಇದ್ದರೆ ಸಾಲದು, ಒಂದು ಕಡೆ ನೆಲೆ ನಿಂತಿರಬೇಕು. ಒಂದೇ ಕಿವಿಯಲ್ಲಿ ನನಗೆ ದಿಕ್ಕು ಸರಿಯಾಗಿ ತಿಳಿಯುವುದಿಲ್ಲ. ಆದರೆ ತಲೆ ಓಲಾಡಿದಾಗ ಸದ್ದು ಏರಿಳಿಯುವುದು ತಿಳಿಯುತ್ತದೆ. ಅಷ್ಟೇ ಸಾಕಾಯಿತು ಅನ್ನಿಸುತ್ತದೆ. ಇಂಪ್ಲಾಂಟ್ ಇರುವ ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಮಾತ್ರ ಮೇಡಂ ಒಪ್ಪಲಿಲ್ಲ.

ಅವರು ಹೇಳಿಕೊಟ್ಟ ಕಸರತ್ತನ್ನೂ ಮಾಡುತ್ತೇನೆ: ಹೆಬ್ಬೆರಳನ್ನೇ ನೋಡುತ್ತಾ ತಲೆ ಅತ್ತಿತ್ತ ತಿರುಗಿಸುವುದು. ಬೇಜಾರಿನ ಕೆಲಸ. ರಾತ್ರಿ ಪ್ರೊಸೆಸರ್ ತೆಗೆದ ಮೇಲೆ ದಿಂಬಿನ ಪಕ್ಕ ಟಾರ್ಚ್ ಇಟ್ಟುಕೊಳ್ಳುತ್ತೇನೆ. ಮಳೆಗಾಲಕ್ಕೆ ಪ್ರೊಸೆಸರ್‌ಗೆ ನೀರು ಒಳಗಿಳಿಯದ ಕವರ್ ತರಿಸಿದೆ.

ಈ ಸಲದ ಕಕ್ಕಡ 18ಕ್ಕೆ ಅದೇ ಬದು. ಹೋಗುವಾಗ ತೋಡು (ಸಣ್ಣ ಹಳ್ಳ) ಬಲಕ್ಕೆ ಹರಿಯುತ್ತದೆ, ಆ ಸದ್ದು ಹಿಡಿದು ನಿಧಾನಕ್ಕೆ ನಡೆದೆ. ಬರುವಾಗ ಅದು ಎಡಕ್ಕೆ, ಕೇಳದ ಕಿವಿಯ ಕಡೆಗೆ. ಅದಕ್ಕೇ ಸೊಪ್ಪಿನ ಕಟ್ಟು ಹೊತ್ತು ರಸ್ತೆ ಬಳಸಿ ಬಂದೆ. ಅರ್ಧ ಗಂಟೆ ಜಾಸ್ತಿ ಆಯಿತು. ಪಾಯಸಕ್ಕೆ ಪಾತ್ರೆ ಇಟ್ಟು ಕಾಯುತ್ತಿದ್ದವಳು ಚೆನ್ನಾಗಿ ಬೈದಳು.