ಅಲ್ ಐನ್‌ಗೆ ಹೊಸದಾಗಿ ಬಂದಿದ್ದೀರಾ? ಮೊದಲು ನೀರಿರುವ ಕಡೆ ಹೋಗಿ

ಯುಎಇಯ ಅಲ್ ಐನ್‌ಗೆ ಕೆಲಸಕ್ಕೆಂದು ಬಂದ ನಮ್ಮವರು ಮೊದಲ ಕೆಲವು ವಾರ ಕೇಳುವುದು ಒಂದೇ ಪ್ರಶ್ನೆ: "ಇಲ್ಲಿ ನೋಡೋಕೆ ಏನಿದೆ?" ಶನಿವಾರ ಬಂತೆಂದರೆ ಗಾಡಿ ದುಬೈ ಕಡೆ ತಿರುಗುತ್ತದೆ. ಸುಮಾರು ಒಂದೂವರೆ ಗಂಟೆಯ ದಾರಿ, ಹೋಗಿ ಬನ್ನಿ, ತಪ್ಪೇನಿಲ್ಲ. ಆದರೆ ಒಂದು ಚಳಿಗಾಲವನ್ನಾದರೂ ಈ ಊರಿಗೆ ಕೊಡಿ ಅನ್ನುವುದು ನನ್ನ ಕೋರಿಕೆ. ಆಕಾಶ ಮುಟ್ಟುವ ಕಟ್ಟಡ ಹುಡುಕಿದರೆ ಇಲ್ಲಿ ಸಿಗುವುದಿಲ್ಲ. ನೀರು ಎಲ್ಲಿದೆ ಎಂದು ಹುಡುಕುತ್ತಾ ಹೋದರೆ ಊರು ತಾನಾಗಿಯೇ ಅರ್ಥವಾಗುತ್ತದೆ. ಇಲ್ಲಿನ ತೋಟ, ಕೋಟೆ, ಸಾವಿರಾರು ವರ್ಷದ ಸಮಾಧಿ, ಎಲ್ಲಕ್ಕೂ ಬೇರು ನೀರೇ.

ಹಾಗಾಗಿ ಮೊದಲು ಹೋಗಬೇಕಾದ್ದು ಊರ ನಡುವಿನ ಅಲ್ ಐನ್ ಓಯಸಿಸ್‌ಗೆ. ಪ್ರವೇಶ ಉಚಿತ. ಒಳಗೆ ಸುಮಾರು 1,47,000 ಖರ್ಜೂರದ ಮರಗಳಿವೆ, ತಳಿಗಳೇ ನೂರರಷ್ಟು. ಮೇಲೆ ಖರ್ಜೂರದ ನೆರಳು, ಅದರ ಕೆಳಗೆ ಮಾವು, ಅಂಜೂರ, ಬಾಳೆ, ನೆಲಮಟ್ಟದಲ್ಲಿ ಮೇವಿನ ಹುಲ್ಲು. ಅಡಿಕೆ ತೋಟ ನೋಡಿ ಬೆಳೆದವರಿಗೆ ಈ ಲೆಕ್ಕಾಚಾರ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಗೋಡೆಗಳ ನಡುವಿನ ದಾರಿಯಲ್ಲಿ ನಡೆಯುವಾಗ ಕಾಲಬುಡದಲ್ಲಿ ಸಣ್ಣ ಕಾಲುವೆಗಳು ಕಾಣುತ್ತವೆ. ಅದೇ ಫಲಜ್. ಬೆಟ್ಟದ ಬುಡದ ಅಂತರ್ಜಲವನ್ನು ನೆಲದಡಿಯ ಸುರಂಗದಲ್ಲಿ, ಬರೀ ಇಳಿಜಾರಿನ ಬಲದಿಂದ, ತೋಟದವರೆಗೆ ತರುವ ವ್ಯವಸ್ಥೆ. ನೀರು ನೆಲದಡಿಯಲ್ಲೇ ಹರಿಯುವುದರಿಂದ ಬಿಸಿಲಿಗೆ ಆವಿಯಾಗುವುದು ಕಡಿಮೆ. ತೋಟ ತಲುಪಿದ ಮೇಲೆ ಇಂಥವರಿಗೆ ಇಷ್ಟು ಹೊತ್ತು ಎಂದು ಪಾಳಿಯಲ್ಲಿ ಹಂಚುತ್ತಿದ್ದರು.

ಬೀದರಿನವರಿಗೆ ಇದು ಗೊತ್ತಿರುವ ವಿಷಯ. ಬಹಮನಿಗಳ ಕಾಲದ ಅಲ್ಲಿನ ನೆಲದಡಿಯ ನೀರಿನ ಸುರಂಗ, ಕರೇಜ್, ಇದೇ ಕುಟುಂಬದ್ದು. ಕರಾವಳಿಯ ಗುಡ್ಡಗಳಲ್ಲಿ ಸುರಂಗ ಕೊರೆದು ನೀರು ಪಡೆಯುವುದನ್ನು ಕಂಡವರಿಗೂ ಥಟ್ಟನೆ ನೆನಪಾಗುತ್ತದೆ. ಅಲ್ ಐನ್ ಸುತ್ತಮುತ್ತ ಸಿಕ್ಕಿರುವ ಹಳೆಯ ಫಲಜ್‌ಗಳು ಸುಮಾರು 3,000 ವರ್ಷದಷ್ಟು ಹಿಂದಿನವು. ಊರಿನ ಓಯಸಿಸ್‌ಗಳು ಮತ್ತು ಹಿಲಿ, ಹಫೀತ್, ಬಿದಾ ಬಿಂತ್ ಸೌದ್ ಎಂಬ ಪುರಾತನ ತಾಣಗಳು ಸೇರಿ 2011ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಒಂದು ಮಾತು: ಒಳಗಿನ ತೋಟಗಳಿಗೆ ಮಾಲೀಕರಿದ್ದಾರೆ. ಗೋಡೆ ಹತ್ತಬೇಡಿ, ಹಣ್ಣು ಕೀಳಬೇಡಿ. ಮಕ್ಕಳಿಗೂ ಮೊದಲೇ ಹೇಳಿ.

ಓಯಸಿಸ್ ಅಂಚಿನಲ್ಲೇ ಅಲ್ ಐನ್ ಅರಮನೆ ವಸ್ತುಸಂಗ್ರಹಾಲಯವಿದೆ. ಯುಎಇಯ ಸ್ಥಾಪಕ ಶೇಖ್ ಝಾಯೆದ್ 1966ರಲ್ಲಿ ಅಬುಧಾಬಿಯ ಆಡಳಿತಗಾರರಾಗುವವರೆಗೆ ಇದ್ದ ಮನೆ. ಅರಮನೆ ಅಂದಕೂಡಲೇ ಮೈಸೂರು ಕಣ್ಣಮುಂದೆ ಬರುತ್ತದೆ. ಇಲ್ಲಿ ಅಂಥ ವೈಭವವಿಲ್ಲ. ಅಂಗಳ, ಸಾಲು ಕೋಣೆ, ಅತಿಥಿಗಳು ಕೂರುವ ಮಜ್ಲಿಸ್, ಅಷ್ಟೇ. ಆ ಸರಳತೆಯೇ ನನಗೆ ಇಷ್ಟ. ಅವರು 1946ರಿಂದ ಈ ಪ್ರದೇಶದ ಹೊಣೆ ಹೊತ್ತಿದ್ದರು, ಫಲಜ್‌ಗಳನ್ನು ದುರಸ್ತಿ ಮಾಡಿಸಿದರು. ತೋಟ ನೋಡಿಕೊಂಡು ಇಲ್ಲಿಗೆ ಬಂದರೆ ಆ ಕೆಲಸದ ಬೆಲೆ ಗೊತ್ತಾಗುತ್ತದೆ.

ಅಲ್ಲಿಂದ ಅಲ್ ಜಾಹಿಲಿ ಕೋಟೆ ದೂರವಿಲ್ಲ. 1890ರ ದಶಕದ್ದು, ಮಣ್ಣಿನ ಇಟ್ಟಿಗೆಯದ್ದು. ಮಜಲು ಮಜಲಾಗಿ ಏರುವ ದುಂಡು ಗೋಪುರವನ್ನು ಸಂಜೆ ಬಿಸಿಲಿನಲ್ಲಿ ನೋಡಿ. ಒಳಗೆ ಬ್ರಿಟಿಷ್ ಪ್ರವಾಸಿ ವಿಲ್ಫ್ರೆಡ್ ಥೆಸಿಗರ್ 1940ರ ದಶಕದಲ್ಲಿ ಒಂಟೆಗಳ ಮೇಲೆ ರುಬ್ ಅಲ್ ಖಾಲಿ ಮರುಭೂಮಿ ದಾಟಿದ ಪಯಣದ ಫೋಟೋಗಳಿವೆ. ಖಸ್ರ್ ಅಲ್ ಮುವೈಜಿ ಕೋಟೆಯನ್ನೂ ಸೇರಿಸಿಕೊಳ್ಳಬಹುದು, ಆದರೆ ಒಂದೇ ದಿನ ಎಲ್ಲ ಕೋಟೆ ಮುಗಿಸಲು ಹೋಗಬೇಡಿ. ಮಕ್ಕಳಿಗೆ ಬೇಜಾರಾಗಿಬಿಡುತ್ತದೆ. ಸೋಮವಾರ ಮುಚ್ಚಿರುವ ಜಾಗಗಳೂ ಇರುವುದರಿಂದ ಹೊರಡುವ ಮೊದಲು ಸಮಯ ನೋಡಿಕೊಳ್ಳಿ. ರಂಜಾನ್ ತಿಂಗಳಲ್ಲಂತೂ ವೇಳೆ ಪೂರ್ತಿ ಬದಲಾಗುತ್ತದೆ.

ಹಿಲಿ ಪುರಾತತ್ವ ಉದ್ಯಾನಕ್ಕೆ ನಮ್ಮವರು ಹೋಗುವುದು ಕಡಿಮೆ. ಅದು ನನಗೆ ಬೇಸರ. ಹೊರಗಿನಿಂದ ನೋಡಿದರೆ ಸುಮ್ನೆ ಒಂದು ಪಾರ್ಕು. ನಡುವೆ ಇರುವುದು 4,000 ವರ್ಷಕ್ಕೂ ಹಳೆಯದಾದ ದುಂಡನೆಯ ಸಮಾಧಿ, ಸುಮಾರು 12 ಮೀಟರ್ ಅಗಲ. ಬಾಗಿಲ ಬಳಿಯ ಕಲ್ಲಿನಲ್ಲಿ ಮನುಷ್ಯರ ಮತ್ತು ಒರಿಕ್ಸ್ ಜಿಂಕೆಗಳ ಚಿತ್ರ ಕೆತ್ತಿದ್ದಾರೆ. ಇದನ್ನು ಕಟ್ಟಿದ ಉಮ್ ಅನ್ ನಾರ್ ಸಂಸ್ಕೃತಿಯ ಜನ ಸಿಂಧೂ ಕಣಿವೆಯ ಜೊತೆ ವ್ಯಾಪಾರ ಮಾಡುತ್ತಿದ್ದರು. ಕೊಲ್ಲಿಯ ಜೊತೆ ನಮ್ಮ ನಂಟು ತೈಲ ಸಿಕ್ಕಮೇಲೆ ಶುರುವಾಯಿತು ಅಂದುಕೊಂಡಿರುವ ಮಕ್ಕಳಿಗೆ ಇದನ್ನು ಅಲ್ಲೇ ನಿಲ್ಲಿಸಿ ಹೇಳಿ. ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಕೂರಲೂ ಒಳ್ಳೆಯ ಜಾಗ.

ಇನ್ನು ಜೆಬೆಲ್ ಹಫೀತ್. 1,200 ಮೀಟರಿಗಿಂತ ಎತ್ತರದ ಸುಣ್ಣಕಲ್ಲಿನ ಬೆಟ್ಟ. ಸುಮಾರು 12 ಕಿಲೋಮೀಟರ್ ರಸ್ತೆ ಸುತ್ತಿಕೊಂಡು ಮೇಲಕ್ಕೆ ಹೋಗುತ್ತದೆ. ಚಾರ್ಮಾಡಿ, ಆಗುಂಬೆ ಇಳಿದು ಅಭ್ಯಾಸವಿದ್ದವರಿಗೂ ಒಂದು ಎಚ್ಚರಿಕೆ: ರಸ್ತೆ ಅಗಲವಾಗಿ ನುಣ್ಣಗಿರುವುದರಿಂದ ಇಳಿಯುವಾಗ ವೇಗ ಗೊತ್ತಾಗದೆ ಏರುತ್ತದೆ. ಬ್ರೇಕ್ ಒತ್ತಿಕೊಂಡೇ ಬರಬೇಡಿ, ಕೆಳಗಿನ ಗೇರ್‌ಗೆ ಹಾಕಿ. ಸೂರ್ಯ ಮುಳುಗುವ ಒಂದು ಗಂಟೆ ಮೊದಲು ಮೇಲಿದ್ದರೆ ಸಾಕು. ಚಳಿಗಾಲದಲ್ಲಿ ಮೇಲೆ ಜೋರು ಗಾಳಿ, ಸ್ವೆಟರ್ ಇರಲಿ. ಬೆಟ್ಟದ ಬುಡದ ಗ್ರೀನ್ ಮುಬಝ್ಝರಾದಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಸಣ್ಣ ಕಾಲುವೆಗಳಲ್ಲಿ ಹರಿಯುವ ಬಿಸಿನೀರಿಗೆ ಕಾಲು ಇಳಿಬಿಟ್ಟು ಹಿರಿಯರು ಗಂಟೆಗಟ್ಟಲೆ ಕೂರುತ್ತಾರೆ. ಊರಿಂದ ಅಪ್ಪ ಅಮ್ಮ ಬಂದಾಗ ಮೊದಲು ಇಲ್ಲಿಗೇ ಕರೆದುಕೊಂಡು ಹೋಗಿ. ಕೆಲವು ಕಡೆ ನೀರು ಜಾಸ್ತಿ ಬಿಸಿ ಇರುತ್ತದೆ, ಚಿಕ್ಕ ಮಕ್ಕಳ ಕಾಲಿಡುವ ಮೊದಲು ನಿಮ್ಮ ಕೈಯಿಟ್ಟು ನೋಡಿ. ಬೆಟ್ಟದ ಪೂರ್ವದ ಬುಡದಲ್ಲಿ 5,000 ವರ್ಷದ ಹಿಂದಿನ ಜೇನುಗೂಡಿನ ಆಕಾರದ ಕಲ್ಲಿನ ಸಮಾಧಿಗಳೂ ಇವೆ.

ಮೃಗಾಲಯಕ್ಕೆ ಒಂದು ಇಡೀ ದಿನ ಬೇಕು. 1968ರಲ್ಲಿ ಶುರುವಾದದ್ದು. ಜಿರಾಫೆಗೆ ಸೊಪ್ಪು ತಿನ್ನಿಸುವುದು ಮಕ್ಕಳಿಗೆ ಖುಷಿ. ಆದರೆ ಅರೇಬಿಯನ್ ಒರಿಕ್ಸ್ ಮತ್ತು ಮರಳುಬೆಕ್ಕನ್ನು ಮರೆಯದೆ ನೋಡಿ. ಒರಿಕ್ಸ್ 1970ರ ದಶಕದ ಆರಂಭದಲ್ಲಿ ಮರಳುಗಾಡಿನಿಂದ ಪೂರ್ತಿ ಮರೆಯಾಗಿತ್ತು. ಹಿಡಿದಿಟ್ಟು ಬೆಳೆಸಿದ ಹಿಂಡುಗಳಿಂದಲೇ ಮತ್ತೆ ಅಲ್ಲಿಗೆ ಬಿಟ್ಟರು. ಹಿಲಿಯ ಕಲ್ಲಿನಲ್ಲಿ ಕಂಡ ಪ್ರಾಣಿ ಇದೇ.

ಒಂಟೆ ಸಂತೆಗೆ ಹೋಗುವುದಾದರೆ ಬೆಳಿಗ್ಗೆ ಹೋಗಿ. ಫೋಟೋ ತೆಗೆಸುತ್ತೇವೆ ಎಂದು ಕರೆಯುವವರು ಆಮೇಲೆ ಹಣ ಕೇಳಬಹುದು, ಮೊದಲೇ ಮಾತಾಡಿಕೊಳ್ಳಿ. ಎಲ್ಲಿಯೇ ಆಗಲಿ, ಅಪರಿಚಿತರ, ಅದರಲ್ಲೂ ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ. ಇಲ್ಲಿ ಅದು ಬರೀ ಸಂಕೋಚದ ವಿಷಯವಲ್ಲ, ಕಾನೂನಿನ ವಿಷಯ.

ನವೆಂಬರ್‌ನಿಂದ ಮಾರ್ಚ್‌ವರೆಗೆ ತಿರುಗಾಟಕ್ಕೆ ಹೇಳಿ ಮಾಡಿಸಿದ ಕಾಲ. ಬೇಸಿಗೆಯಲ್ಲಿ 45 ಡಿಗ್ರಿ ದಾಟುತ್ತದೆ. ಇಲ್ಲಿ ಸಮುದ್ರವಿಲ್ಲ, ಗಾಳಿ ಒಣ. ಬೆವರು ಅಂಟುವುದಿಲ್ಲವೆಂದು ಮೋಸ ಹೋಗಬೇಡಿ, ಮೈಯ ನೀರು ಗೊತ್ತಾಗದೆ ಖಾಲಿಯಾಗುತ್ತದೆ. ಬೇಸಿಗೆಯಲ್ಲಿ ಹೊರಗಿನ ಓಡಾಟವನ್ನು ಬೆಳಗಿನ ಜಾವಕ್ಕೋ ಸಂಜೆ ಮೇಲಕ್ಕೋ ಇಟ್ಟುಕೊಳ್ಳಿ.

ಗಾಡಿ ಓಡಿಸುವವರು ಗಮನಿಸಿ. ದುಬೈಯಲ್ಲಿ ವೇಗಮಿತಿಯ ಮೇಲೆ ಸಿಗುವ 20 ಕಿಲೋಮೀಟರ್ ರಿಯಾಯಿತಿ ಅಬುಧಾಬಿ ಎಮಿರೇಟಿನಲ್ಲಿ 2018ರಿಂದ ಇಲ್ಲ. ಅಲ್ ಐನ್ ಇರುವುದು ಅಬುಧಾಬಿ ಎಮಿರೇಟಿನಲ್ಲಿ. ಬೋರ್ಡಿನಲ್ಲಿ ಎಷ್ಟಿದೆಯೋ ಅಷ್ಟೇ. ಚಳಿಗಾಲದ ಬೆಳಿಗ್ಗೆ ದಟ್ಟ ಮಂಜು ಕವಿದರೆ ಮಿತಿ 80ಕ್ಕೆ ಇಳಿಯುತ್ತದೆ. ಗಾಡಿ ಇಲ್ಲದವರು ದುಬೈಯ ಅಲ್ ಘುಬೈಬಾದಿಂದ ಇ201 ಬಸ್ಸಿನಲ್ಲಿ ಬರಬಹುದು.

ಮರಳು ದಿಬ್ಬಕ್ಕೆ ಒಂದೇ ಗಾಡಿಯಲ್ಲಿ ಹೋಗಲೇಬೇಡಿ. ಮಳೆ ಬಂದ ದಿನ ಮೋಡ ನೋಡಿ ನಮ್ಮವರಿಗೆ ಊರಿನ ನೆನಪು ಉಕ್ಕುತ್ತದೆ, ವಾದಿಗಳ, ಅಂದರೆ ಮಳೆ ಬಂದಾಗಷ್ಟೇ ಹರಿಯುವ ಬೆಟ್ಟದ ಹಳ್ಳಗಳ, ಕಡೆ ಹೊರಟುಬಿಡುತ್ತಾರೆ. ಇದು ನಿಜಕ್ಕೂ ಅಪಾಯ. ಒಣಗಿ ಬಿದ್ದ ಹಳ್ಳದಲ್ಲಿ ದೂರದ ಬೆಟ್ಟದ ನೀರು ನಿಮಿಷಗಳಲ್ಲಿ ನುಗ್ಗುತ್ತದೆ. 2024ರ ಏಪ್ರಿಲ್ 16ರ ಮಳೆಯಲ್ಲಿ ಅಲ್ ಐನ್‌ನ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254.8 ಮಿಲಿಮೀಟರ್ ಬಿತ್ತು. ತುಂಬಿ ಹರಿಯುವ ವಾದಿಗೆ ಗಾಡಿ ಇಳಿಸಿದರೆ 2,000 ದಿರ್ಹಮ್ ದಂಡ, ಲೈಸೆನ್ಸ್ ಮೇಲೆ 23 ಕಪ್ಪು ಅಂಕ, ಗಾಡಿ 60 ದಿನ ಜಪ್ತಿ.

ಊರಿಗೆ ಅಂಟಿಕೊಂಡೇ ಒಮಾನಿನ ಬುರೈಮಿ ಇದೆ. ಮ್ಯಾಪ್ ನೋಡಿಕೊಂಡು ಹೋಗುವಾಗ ತಿಳಿಯದೆ ಗಡಿ ಚೌಕಿಗೆ ತಲುಪುವುದುಂಟು. ಬುರೈಮಿ ನೋಡಬೇಕೆಂದಿದ್ದರೆ ಪಾಸ್‌ಪೋರ್ಟ್ ಜೊತೆಗಿರಲಿ, ಒಮಾನ್ ವೀಸಾ ಹೇಗೆ ಸಿಗುತ್ತದೆಂದು ಮೊದಲೇ ಕೇಳಿಕೊಳ್ಳಿ, ಗಾಡಿಯ ವಿಮೆ ಒಮಾನಿಗೂ ಅನ್ವಯಿಸುತ್ತದೆಯೇ ಎಂದು ಕಾಗದದಲ್ಲಿ ನೋಡಿಕೊಂಡೇ ಹೊರಡಿ.