‘ಟ್ವೈಲೈಟ್ ಝೋನ್’ ಕಂತನ್ನು ಕಾಮಿಕ್ಸ್ ಪುಟಕ್ಕೆ ಇಳಿಸುವ ಬಗೆ

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1959ರಿಂದ 1964ರವರೆಗೆ ಪ್ರಸಾರವಾದ ‘ದ ಟ್ವೈಲೈಟ್ ಝೋನ್’ ಸರಣಿಯ 156 ಕಂತುಗಳಲ್ಲಿ ಪ್ರತಿಯೊಂದೂ ಬಿಡಿ ಕಥೆ. ಪಾತ್ರ, ಊರು, ಕಾಲ ಎಲ್ಲವೂ ವಾರದಿಂದ ವಾರಕ್ಕೆ ಬದಲಾಗುತ್ತಿದ್ದವು. ಬದಲಾಗದೆ ಉಳಿದವರು ನಿರೂಪಕ ರಾಡ್ ಸರ್ಲಿಂಗ್ ಒಬ್ಬರೇ. ಹೀಗಾಗಿ, ಧಾರಾವಾಹಿಯನ್ನು ಕಾಮಿಕ್ಸ್ ಮಾಡುವವರಿಗೆ ಸಿಗುವ ದೊಡ್ಡ ಅನುಕೂಲ, ಅಂದರೆ ಓದುಗರಿಗೆ ಮೊದಲೇ ಪರಿಚಯವಿರುವ ಪಾತ್ರಗಳು, ಇಲ್ಲಿ ಸಿಗುವುದಿಲ್ಲ. ಪ್ರತಿ ಸಲವೂ ಎರಡು ಪುಟದೊಳಗೆ ಹೊಸ ಮನುಷ್ಯನೊಬ್ಬನನ್ನು ನಿಲ್ಲಿಸಿ, ಇಪ್ಪತ್ತನೆಯ ಪುಟದ ಹೊತ್ತಿಗೆ ಅವನ ಕಾಲಡಿಯ ನೆಲವನ್ನೇ ಸರಿಸಬೇಕು.

ಈ ಸರಣಿಯನ್ನು ಹಿಂದೆ ಎರಡು ರೀತಿಯಲ್ಲಿ ಕಾಮಿಕ್ಸ್‌ಗೆ ತಂದಿದ್ದಾರೆ. ಗೋಲ್ಡ್ ಕೀ ಪ್ರಕಾಶನ 1962ರಲ್ಲಿ ಆರಂಭಿಸಿದ ಮಾಲೆಯು ಸರಣಿಯ ಹೆಸರನ್ನೂ ಸರ್ಲಿಂಗ್ ಅವರ ರೂಪವನ್ನೂ ಇಟ್ಟುಕೊಂಡು ಬಹುಪಾಲು ಹೊಸ ಕಥೆಗಳನ್ನೇ ಕೊಟ್ಟಿತು. 1975ರಲ್ಲಿ ಸರ್ಲಿಂಗ್ ತೀರಿಕೊಂಡ ಮೇಲೂ ಆ ಪುಟಗಳಲ್ಲಿ ಅವರು ಕಥೆ ಹೇಳುತ್ತಲೇ ಇದ್ದರು. 2008ರಲ್ಲಿ ವಾಕರ್ ಪ್ರಕಾಶನ ಹೊರತರಲಾರಂಭಿಸಿದ ಪುಸ್ತಕಗಳಾದರೋ ಮೂಲ ಕಂತುಗಳನ್ನೇ ಆಯ್ದು, ಒಂದೊಂದನ್ನು ಒಂದೊಂದು ಪುಸ್ತಕವಾಗಿಸಿದವು. ಎರಡನೆಯದೇ ಕಷ್ಟದ ದಾರಿ, ಏಕೆಂದರೆ ಕಂತು ನೋಡಿದವರಿಗೆ ಅಂತ್ಯ ಗೊತ್ತಿರುತ್ತದೆ. ನಾನಿಲ್ಲಿ ಆ ದಾರಿಯನ್ನೇ ವಿವರಿಸುತ್ತೇನೆ. ಅಂತ್ಯಗಳನ್ನು ಬಯಲು ಮಾಡದೆ ಇದನ್ನು ಹೇಳಲಾಗದು. ನೋಡದವರು ನೋಡಿ ಬಂದು ಮುಂದೆ ಓದಬಹುದು.

ಪೆನ್ಸಿಲ್ ಹಿಡಿಯುವ ಮುನ್ನ ಹಕ್ಕು ಯಾರದೆಂದು ನೋಡಿಕೊಳ್ಳಿ. ಸರ್ಲಿಂಗ್ 92 ಕಂತುಗಳನ್ನು ಬರೆದರಾದರೂ ಅವುಗಳಲ್ಲಿ ಕೆಲವು ಬೇರೆಯವರ ಸಣ್ಣಕಥೆಗಳಿಂದ ಬಂದವು: ‘ಟೈಮ್ ಇನಫ್ ಅಟ್ ಲಾಸ್ಟ್’ ಲಿನ್ ವೆನಬಲ್ ಅವರ 1953ರ ಕಥೆಯಿಂದ, ‘ಟು ಸರ್ವ್ ಮ್ಯಾನ್’ ಡೇಮನ್ ನೈಟ್ ಅವರ 1950ರ ಕಥೆಯಿಂದ. ಆದ್ದರಿಂದ ಸರಣಿಯ ಹಕ್ಕು, ಮೂಲಕಥೆಯ ಹಕ್ಕು, ನಟರ ಮುಖಚಹರೆಯ ಬಳಕೆ ಈ ಮೂರನ್ನೂ ಬೇರೆ ಬೇರೆಯಾಗಿಯೇ ವಿಚಾರಿಸಬೇಕು. ಮನೆಯಲ್ಲಿ ನೋಟ್‌ಬುಕ್ಕಿನ ಮೇಲೆ ಕೈ ಪಳಗಿಸಿಕೊಳ್ಳುವುದು ಬೇರೆ ಮಾತು. ಅಚ್ಚು ಹಾಕಿಸುವುದಕ್ಕೂ ಅಂತರ್ಜಾಲದಲ್ಲಿ ಹಂಚುವುದಕ್ಕೂ ಲಿಖಿತ ಅನುಮತಿ ಬೇಕು.

ಒಂದು ಗಂಟೆಯ ಅವಧಿಯ ನಾಲ್ಕನೆಯ ಸೀಸನ್ ಬಿಟ್ಟರೆ ಉಳಿದ ಕಂತುಗಳೆಲ್ಲ ಜಾಹೀರಾತು ಕಳೆದು ಸುಮಾರು 25 ನಿಮಿಷದವು. 24 ಪುಟ, ಪುಟಕ್ಕೆ ಸರಾಸರಿ 5 ಚೌಕಟ್ಟು ಎಂದಿಟ್ಟುಕೊಂಡರೆ ನಿಮ್ಮ ಕೈಯಲ್ಲಿ 120 ಚಿತ್ರಗಳಿವೆ. ಸಂಭಾಷಣೆಗೆ ಅಷ್ಟು ಜಾಗ ಸಾಲದು. ನಾನು ಮೊದಲ ಸಲ ಅಭ್ಯಾಸಕ್ಕೆಂದು ಕೂತಾಗ ಒಂದು ಮಾತನ್ನೂ ಬಿಡಬಾರದೆಂದು ಹಟ ಹಿಡಿದು 40 ಪುಟ ತುಂಬಿಸಿದೆ. ಅದರಲ್ಲಿ ಅರ್ಧಕ್ಕರ್ಧ ಎರಡು ತಲೆಗಳು ಎದುರುಬದುರು ಕೂತು ಮಾತಾಡುವ ಚಿತ್ರಗಳೇ. ಆಮೇಲೆ ಕಂಡುಕೊಂಡ ಉಪಾಯ ಸರಳವಾದದ್ದು: ಕಂತನ್ನು ಒಮ್ಮೆ ಧ್ವನಿಯೊಂದಿಗೆ, ಇನ್ನೊಮ್ಮೆ ಧ್ವನಿ ಮುಚ್ಚಿ ನೋಡಿ. ಧ್ವನಿಯಿಲ್ಲದೆಯೂ ಅರ್ಥವಾದ ಕಡೆ ಮಾತು ತೆಗೆಯಿರಿ, ಅರ್ಥವಾಗದ ಕಡೆ ಮಾತ್ರ ಬಲೂನು, ಅಂದರೆ ಮಾತು ಬರೆಯುವ ಗುಳ್ಳೆ, ಇಡಿ. ಒಂದು ಚೌಕಟ್ಟಿನಲ್ಲಿ ಕನ್ನಡದ ಹದಿನೈದು ಪದ ದಾಟಿದರೆ ಚಿತ್ರಕ್ಕೆ ಉಸಿರು ಕಟ್ಟುತ್ತದೆ.

ಇನ್ನು ಮುಖ್ಯ ವಿಷಯ. ಟಿವಿಯಲ್ಲಿ ನಿರ್ದೇಶಕ ತೋರಿಸುವ ಮೊದಲು ಯಾರೂ ಏನನ್ನೂ ನೋಡಲಾರರು. ಪುಸ್ತಕ ಬಿಚ್ಚಿದವರ ಕಣ್ಣು ಹಾಗಲ್ಲ. ಎಡಪುಟದ ಮೊದಲ ಬಲೂನು ಓದುವಷ್ಟರಲ್ಲೇ ಅದು ಬಲಪುಟದ ಕೊನೆಯ ಚಿತ್ರಕ್ಕೆ ಹಾರಿ ವಾಪಸು ಬಂದಿರುತ್ತದೆ. ಹಾಗಾಗಿ ಕಥೆಯ ತಿರುವನ್ನು ಹಾಳೆ ಮಗುಚಿದ ಕೂಡಲೇ ಸಿಗುವ ಎಡಪುಟದಲ್ಲಿ, ಅಂದರೆ ಸಮಸಂಖ್ಯೆಯ ಪುಟದ ನೆತ್ತಿಯಲ್ಲಿ ಇಡಬೇಕು. ಮೊದಲು ಆ ಪುಟವನ್ನು ಗುರುತು ಹಾಕಿಕೊಂಡು, ಅಲ್ಲಿಂದ ಹಿಂದಕ್ಕೆ ದೃಶ್ಯಗಳನ್ನು ಹಂಚುತ್ತ ಬರುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

1960ರ ‘ಐ ಆಫ್ ದ ಬಿಹೋಲ್ಡರ್’ ಕಂತನ್ನೇ ತೆಗೆದುಕೊಳ್ಳಿ. ಮುಖವನ್ನೆಲ್ಲ ಬ್ಯಾಂಡೇಜಿನಲ್ಲಿ ಮುಚ್ಚಿಕೊಂಡ ಜಾನೆಟ್ ಟೈಲರ್, ತನ್ನ ಕುರೂಪ ಹೋಗಿದೆಯೋ ಇಲ್ಲವೋ ಎಂದು ಆಸ್ಪತ್ರೆಯಲ್ಲಿ ಕಾಯುತ್ತಿದ್ದಾಳೆ. ಬ್ಯಾಂಡೇಜು ಬಿಚ್ಚಿದಾಗ ಕಾಣುವುದು ನಮ್ಮ ಕಣ್ಣಿಗೆ ಚೆಲುವಾದ ಮುಖ. ಹಂದಿಯ ಮೂತಿಯಿರುವವರು ಅವಳ ಸುತ್ತ ನಿಂತ ವೈದ್ಯರು ಮತ್ತು ದಾದಿಯರು. ನಿರ್ದೇಶಕ ಡಗ್ಲಸ್ ಹೇಯ್ಸ್ ಅಲ್ಲಿಯವರೆಗೂ ಅವರ ಮುಖಗಳನ್ನು ನೆರಳಿನಲ್ಲಿ, ಬೆನ್ನ ಕಡೆಯ ಕೋನಗಳಲ್ಲಿ ಅಡಗಿಸಿಡುತ್ತಾರೆ. ಕ್ಯಾಮೆರಾ ಚಲಿಸುತ್ತಿರುವಾಗ ಅದು ನೋಡುಗರ ಗಮನಕ್ಕೆ ಬರುವುದಿಲ್ಲ. ಕಾಗದದ ಮೇಲೆ ಮೂರು ಚೌಕಟ್ಟುಗಳಲ್ಲಿ ಸತತವಾಗಿ ವೈದ್ಯರ ಮುಖ ಮರೆಯಾದರೆ ಗುಟ್ಟು ಅಲ್ಲೇ ಬಯಲಾಗುತ್ತದೆ. ಆದ್ದರಿಂದ ಪ್ರತಿ ಚೌಕಟ್ಟಿಗೂ ಮುಖದ ಬದಲು ನೋಡಲು ಬೇರೊಂದು ವಸ್ತುವನ್ನು ಕೊಡಿ: ಲೋಟ ಹಿಡಿದ ಕೈ, ಕಿಟಕಿಯ ಗಾಜು, ಸಿಗರೇಟಿನ ಹೊಗೆ. ನಡುನಡುವೆ ಜಾನೆಟ್‌ಳ ಕಣ್ಣಿನಿಂದಲೇ ತೋರಿಸಿ. ಅವಳಿಗೆ ಏನೂ ಕಾಣದಿರುವುದರಿಂದ ಪೂರ್ತಿ ಕಪ್ಪು ಚೌಕಟ್ಟಿನಲ್ಲಿ ಬಲೂನುಗಳು ಮಾತ್ರ ಇದ್ದರೂ ಅದು ಮೋಸವೆನ್ನಿಸುವುದಿಲ್ಲ.

ಬ್ಯಾಂಡೇಜು ಬಿಚ್ಚುವ ದೃಶ್ಯವನ್ನು ನಾನು 16 ಮತ್ತು 17ನೆಯ ಪುಟಗಳಿಗೆ ಹಾಕುತ್ತೇನೆ. ಒಂದೇ ಅಳತೆಯ ಚೌಕಟ್ಟುಗಳು. ಪದರ ಕಳಚಿದಂತೆಲ್ಲ ಕಪ್ಪು ಬೂದುಬಣ್ಣವಾಗುತ್ತ, ಬೂದು ಬೆಳ್ಳಗಾಗುತ್ತ ಬರಲಿ. 17ರ ಕೊನೆಯಲ್ಲಿ ಬೆಚ್ಚಿ ಹಿಂದಕ್ಕೆಳೆದುಕೊಂಡ ಒಂದು ಕೈ, ಅಷ್ಟೆ. ಹಾಳೆ ಮಗುಚಿದರೆ 18ರಲ್ಲಿ ಜಾನೆಟ್‌ಳ ಮುಖ. ವೈದ್ಯರ ಮುಖಗಳನ್ನೂ ಅದೇ ಪುಟದಲ್ಲಿ ತೋರಿಸುವ ಆಸೆಯಾಗುತ್ತದೆ, ತೋರಿಸಬಾರದು. ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದರೆ ಓದುಗ ಮೊದಲು ಗಲಿಬಿಲಿಗೊಂಡು ಆಮೇಲೆ ನಡುಗುವ ಕ್ರಮವೇ ಕೆಡುತ್ತದೆ. 19ರಲ್ಲಿ ಗದ್ದಲ, ಕೊನೆಯ ಚೌಕಟ್ಟಿನಲ್ಲಿ ದೀಪದ ಸ್ವಿಚ್ಚಿನ ಮೇಲೊಂದು ಬೆರಳು. 20ರಲ್ಲಿ ಬೆಳಕು, ಮುಖಗಳು. ಉಳಿದ ನಾಲ್ಕು ಪುಟ ಅವಳ ಓಟಕ್ಕೂ ಕೊನೆಯ ಭೇಟಿಗೂ ಸಾಕು.

1961ರ ‘ದ ಇನ್‌ವೇಡರ್ಸ್’ ಇದಕ್ಕಿಂತ ಸುಲಭ, ಏಕೆಂದರೆ ಆಗ್ನೆಸ್ ಮೂರ್‌ಹೆಡ್ ಅಭಿನಯಿಸಿದ ಒಂಟಿ ಹೆಂಗಸು ಅದರಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಗುಟ್ಟಿರುವುದು ಅವಳ ಮನೆಯ ಮೇಲೆ ಇಳಿದ ಪುಟ್ಟ ತಟ್ಟೆಯಂಥ ನೌಕೆಯ ಮೈಮೇಲಿನ ಅಮೆರಿಕ ವಾಯುಪಡೆಯ ಬರಹದಲ್ಲಿ: ಬಂದಿಳಿದ ಪುಟಾಣಿಗಳೇ ಭೂಮಿಯ ಮನುಷ್ಯರು, ಅವಳು ಬೇರೊಂದು ಲೋಕದ ದೈತ್ಯೆ. ಆ ಬದಿ ಕೊನೆಯವರೆಗೂ ಓದುಗರತ್ತ ತಿರುಗದಂತೆ ನೋಡಿಕೊಂಡರಾಯಿತು.

ನಿರೂಪಕರನ್ನು ಎಷ್ಟು ಬಳಸಬೇಕು? ಸರ್ಲಿಂಗ್ ಮೊದಲ ಸೀಸನ್ನಿನ ಪೀಠಿಕೆಗಳಲ್ಲಿ ಬರಿಯ ಧ್ವನಿಯಾಗಿದ್ದು, ಎರಡನೆಯದರಿಂದ ಕ್ಯಾಮೆರಾದ ಮುಂದೆ ಬಂದರು. ಕಾಮಿಕ್ಸ್‌ನಲ್ಲೂ ಎರಡೂ ಸಾಧ್ಯ. ಮೊದಲ ಮತ್ತು ಕೊನೆಯ ಪುಟ ಬಿಟ್ಟು ಬೇರೆಲ್ಲೂ ಅವರ ಮಾತಿನ ಪಟ್ಟಿಗಳು ಬೇಡ. ಚಿತ್ರಕಾರರು ಕಥೆಯಿಂದ ಕಥೆಗೆ ಬದಲಾದರೂ ಆ ಎರಡು ಪುಟಗಳ ವಿನ್ಯಾಸ ಬದಲಾಗದಿದ್ದರೆ ಇಡೀ ಮಾಲೆಗೆ ಒಂದೇ ಮನೆತನದ ಚಹರೆ ಬರುತ್ತದೆ.

ಕನ್ನಡದಲ್ಲಿ ಮಾಡುವವರು ಅಕ್ಷರಗಳ ವಿಷಯದಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು. ಇಂಗ್ಲಿಷ್ ಕಾಮಿಕ್ಸ್‌ಗಳಲ್ಲಿ ಸಾಮಾನ್ಯವಾಗಿ ದೊಡ್ಡಕ್ಷರಗಳನ್ನೇ ಬಳಸುವುದರಿಂದ ಸಾಲಿನ ಕೆಳಗೆ ಏನೂ ಜೋತಾಡುವುದಿಲ್ಲ. ನಮ್ಮಲ್ಲಿ ‘ಶಸ್ತ್ರಚಿಕಿತ್ಸೆ’ಯೊಂದೇ ಪದ ಕೆಳಗಿನ ಸಾಲಿನ ಮೇಲೆ ಒತ್ತಕ್ಷರಗಳನ್ನು ಇಳಿಬಿಡುತ್ತದೆ. ಆದ್ದರಿಂದ ಬಲೂನನ್ನು ಮೊದಲೇ ಎತ್ತರವಾಗಿ ಬಿಡಿಸಿಕೊಳ್ಳಿ. ಮಾತಿಗೆ ಒತ್ತು ಕೊಡಲು ಅಕ್ಷರವನ್ನು ಓರೆ ಮಾಡುವ ಅಗತ್ಯವೂ ಇಲ್ಲ, ‘ಅವಳು’ ಎಂಬುದನ್ನು ‘ಅವಳೇ’ ಎಂದರೆ ಆ ಕೆಲಸ ಆಗಿಹೋಗುತ್ತದೆ.

ಸದ್ದಿನ ಪದಗಳಿಗೂ ನಮ್ಮಲ್ಲಿ ಬರವಿಲ್ಲ. ಹೆಂಚಿನ ಮೇಲೆ ದಡಬಡ, ನೆಲಕ್ಕೆ ಧೊಪ್. ಅವುಗಳ ಗಾತ್ರವನ್ನು ಮಾತ್ರ ಯೋಚಿಸಿ ನಿರ್ಧರಿಸಿ. ‘ಟೈಮ್ ಇನಫ್ ಅಟ್ ಲಾಸ್ಟ್’ ಕೊನೆಯಲ್ಲಿ, ಬಾಂಬಿಗೆ ನಾಶವಾದ ಊರಿನಲ್ಲಿ ಒಬ್ಬನೇ ಉಳಿದ ಹೆನ್ರಿ ಬೆಮಿಸ್, ತಿಂಗಳಿಗಿಷ್ಟು ಎಂದು ಪುಸ್ತಕಗಳನ್ನು ಗ್ರಂಥಾಲಯದ ಮೆಟ್ಟಿಲ ಮೇಲೆ ಪೇರಿಸಿಟ್ಟುಕೊಂಡು, ಇನ್ನೊಂದಕ್ಕೆ ಬಗ್ಗುತ್ತಾನೆ. ಕನ್ನಡಕ ಜಾರಿ ಬೀಳುತ್ತದೆ. ಅದಕ್ಕೆ ಅರ್ಧ ಪುಟ ಕೊಡಬೇಡಿ. ಪುಸ್ತಕಗಳ ರಾಶಿಯ ದೊಡ್ಡ ಚಿತ್ರದ ಕೆಳಗೆ ಬೆಂಕಿಪೊಟ್ಟಣದಷ್ಟು ಚೌಕಟ್ಟೊಂದನ್ನು ಹಾಕಿ, ಅದರೊಳಗೆ ಸಣ್ಣ ಅಕ್ಷರದಲ್ಲಿ ‘ಚಟ್’ ಎಂದಷ್ಟೇ ಬರೆಯಿರಿ.