ಮನೆಗೆ ಮೊದಲ ಕಂಪ್ಯೂಟರ್ ಜೋಡಿಸುವಾಗ ಬಿಡಿಭಾಗಗಳನ್ನು ಆರಿಸುವ ಬಗೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ಜಿಲ್ಲಾ ಕೇಂದ್ರದ ಕಂಪ್ಯೂಟರ್ ಅಂಗಡಿಯಲ್ಲಾಗಲಿ, ‘ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ’ ಎಂದು ಚೀಟಿ ಅಂಟಿಸಿದ ಕಂಪ್ಯೂಟರ್ ನಂಬಲಾಗದಷ್ಟು ಅಗ್ಗಕ್ಕೆ ಸಿಗುವುದುಂಟು. ಚೀಟಿಯಲ್ಲಿ ಬರೆದದ್ದು ಸುಳ್ಳಲ್ಲ, ಆದರೆ ಇಂಟೆಲ್ ಕಂಪನಿಯ ಆ ಐ5 ಯಾವ ಪೀಳಿಗೆಯದು ಎಂಬುದನ್ನು ಅಲ್ಲಿ ಬರೆದಿರುವುದಿಲ್ಲ. ಬಿಚ್ಚಿ ನೋಡಿದರೆ 2012ರಲ್ಲಿ ಬಂದ ಐ5-3470ರಂತಹ ಬಳಸಿದ ಚಿಪ್ಪು, ಅದಕ್ಕೆ ಹೊಂದುವ, ಎಲ್ಲ ಭಾಗಗಳನ್ನೂ ಕೂರಿಸುವ ಮುಖ್ಯ ಫಲಕವಾದ, ಹೆಸರಿಲ್ಲದ ಕಂಪನಿಯ ಎಚ್61 ಮದರ್‌ಬೋರ್ಡು ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. ನಾಲ್ಕಂಕಿಯ ಮಾದರಿ ಸಂಖ್ಯೆಯಲ್ಲಿ ಮೊದಲ ಅಂಕಿ, ಐದಂಕಿಯದರಲ್ಲಿ ಮೊದಲ ಎರಡು ಅಂಕಿಗಳು ಪೀಳಿಗೆಯನ್ನು ಹೇಳುತ್ತವೆ: 3470 ಎಂದರೆ ಮೂರನೆಯದು, 12400 ಎಂದರೆ ಹನ್ನೆರಡನೆಯದು. ಕೆಲವೇ ಅಪವಾದಗಳನ್ನು ಬಿಟ್ಟರೆ ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೆಯ ಪೀಳಿಗೆಯಿಂದ ಈಚಿನ ಪ್ರೊಸೆಸರ್‌ಗಳನ್ನು ಮಾತ್ರ ಒಪ್ಪುತ್ತದೆ, ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ಮೊದಲ ಬಾರಿ ಜೋಡಿಸುವವರು ಚೀಟಿಯನ್ನು ಬದಿಗಿಟ್ಟು, ಒಂದೊಂದು ಭಾಗದ ಪೂರ್ಣ ಮಾದರಿ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳುವುದರಿಂದಲೇ ಕೆಲಸ ಶುರುಮಾಡಬೇಕು.

ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಈ ಯಂತ್ರದಿಂದ ಆಗಬೇಕಾದ ಕೆಲಸಗಳನ್ನು ಪ್ರಾಮಾಣಿಕವಾಗಿ ಪಟ್ಟಿ ಮಾಡುವುದು ಒಳ್ಳೆಯದು. ಮಕ್ಕಳ ಪಾಠ, ನುಡಿ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು, ಟ್ಯಾಲಿಯಲ್ಲಿ ಅಂಗಡಿಯ ಲೆಕ್ಕ, ವಿಡಿಯೊ ನೋಡುವುದು, ಮದುವೆಯ ಫೋಟೊಗಳನ್ನು ಕೂಡಿಡುವುದು, ಇಷ್ಟೇ ಆದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಅಗತ್ಯವೇ ಇಲ್ಲ. ಗ್ರಾಫಿಕ್ಸ್ ಒಳಗೊಂಡ ಪ್ರೊಸೆಸರ್ ಸಾಕು: ಎಎಂಡಿಯಲ್ಲಿ ಆರು ಕೋರ್‌ಗಳ ರೈಜೆನ್ 5 5600ಜಿ, ಇಂಟೆಲ್‌ನಲ್ಲಿ ನಾಲ್ಕು ಕೋರ್‌ಗಳ ಐ3-12100 ಈ ಕೆಲಸಗಳನ್ನು ಸಲೀಸಾಗಿ ಮಾಡುತ್ತವೆ. ಹೊಸಬರು ಎಡವುವುದು ಹೆಸರಿನ ಕೊನೆಯ ಅಕ್ಷರದಲ್ಲಿ. ಇಂಟೆಲ್ ಸಂಖ್ಯೆಯ ಕೊನೆಗೆ ‘ಎಫ್’ ಇದ್ದರೆ, ಉದಾಹರಣೆಗೆ ಐ3-12100ಎಫ್, ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಎಎಂಡಿಯ ಎಎಂ4 ಎಂಬ ಸಾಕೆಟ್‌ನಲ್ಲಿ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಕೂರುವ ಸಾಲಿನಲ್ಲಿ ಲೆಕ್ಕ ತಿರುಗುಮುರುಗು: 5600ಜಿಯಲ್ಲಿ ಗ್ರಾಫಿಕ್ಸ್ ಇದೆ, ಅಕ್ಷರವಿಲ್ಲದ ಬರೀ 5600ರಲ್ಲಿ ಇಲ್ಲ. ಸ್ವಲ್ಪ ಅಗ್ಗವೆಂದು ಇಂತಹದನ್ನು ಕೊಂಡು ತಂದರೆ, ಎಲ್ಲವನ್ನೂ ಸರಿಯಾಗಿ ಜೋಡಿಸಿದ ಮೇಲೂ ಮಾನಿಟರ್ ಕಪ್ಪಾಗಿಯೇ ಇರುತ್ತದೆ.

ಪ್ರೊಸೆಸರ್ ಆಯ್ಕೆಯಾದ ಕೂಡಲೇ ಮದರ್‌ಬೋರ್ಡಿನ ಸಾಕೆಟ್ಟೂ ರ‍್ಯಾಮಿನ ಬಗೆಯೂ ಬಹುಮಟ್ಟಿಗೆ ನಿಶ್ಚಯವಾದಂತೆಯೇ. ಎಎಂ4 ಸಾಕೆಟ್‌ಗೆ ಡಿಡಿಆರ್4 ಮಾತ್ರ; 2022ರಲ್ಲಿ ಬಂದ ಎಎಂ5ಗೆ ಡಿಡಿಆರ್5 ಮಾತ್ರ; ಇಂಟೆಲ್‌ನ 12, 13 ಮತ್ತು 14ನೆಯ ಪೀಳಿಗೆಗಳು ಕೂರುವ ಎಲ್‌ಜಿಎ 1700ರಲ್ಲಿ ಬೋರ್ಡಿಗೆ ತಕ್ಕಂತೆ ಎರಡರಲ್ಲಿ ಒಂದು. ಎರಡೂ ಬಗೆಯ ರ‍್ಯಾಮ್‌ಗಳ ಅಂಚಿನಲ್ಲಿರುವ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಮುಂದೆ ಪ್ರೊಸೆಸರನ್ನು ಮಾತ್ರ ಬದಲಿಸಿ ಅದೇ ಬೋರ್ಡನ್ನು ಬಹುಕಾಲ ಬಳಸುವ ಯೋಚನೆಯಿದ್ದವರಿಗೆ ಎಎಂ5 ಸೂಕ್ತ, ಏಕೆಂದರೆ ಅದಕ್ಕೆ 2027ರವರೆಗೂ ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಆದರೆ ಒಮ್ಮೆ ಕೊಂಡ ಯಂತ್ರವನ್ನು ಬಿಚ್ಚದೆ ಐದಾರು ವರ್ಷ ಬಳಸುವ ಮನೆಗಳೇ ಹೆಚ್ಚು. 2025ರ ಕೊನೆಯಲ್ಲಿ ರ‍್ಯಾಮಿನ ಬೆಲೆ ವಿಪರೀತ ಏರಿದ ಮೇಲಂತೂ, ಮುಂದೆಂದೋ ಮಾಡಬಹುದಾದ ಬದಲಾವಣೆಗಾಗಿ ಇಂದೇ ಹಣ ಕಟ್ಟುವುದು ಅಂಥವರಿಗೆ ಜಾಣತನವೆಂದು ನನಗೆ ತೋರುವುದಿಲ್ಲ.

ಸಾಕೆಟ್ ಹೊಂದಿದರೂ ಬಯಾಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ, ಮದರ್‌ಬೋರ್ಡಿನೊಳಗಿನ ತಂತ್ರಾಂಶ) ಹೊಂದದಿರುವ ಸಂದರ್ಭವಿದೆ. ಎಎಂ4 ಸಾಕೆಟ್ಟಿನ ಬಿ550 ಬೋರ್ಡುಗಳು ಮಾರುಕಟ್ಟೆಗೆ ಬಂದದ್ದು 2020ರಲ್ಲಿ, 5600ಜಿ ಬಂದದ್ದು 2021ರಲ್ಲಿ. ಗೋದಾಮಿನಲ್ಲಿ ಬಹಳ ದಿನ ಉಳಿದ ಬೋರ್ಡಿನಲ್ಲಿ ಹಳೆಯ ಬಯಾಸ್ ಇದ್ದರೆ ಅದು ಹೊಸ ಪ್ರೊಸೆಸರನ್ನು ಗುರುತಿಸುವುದಿಲ್ಲ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿನ ಎಚ್610 ಬೋರ್ಡಿಗೆ 14ನೆಯ ಪೀಳಿಗೆಯ ಚಿಪ್ಪು ಹಾಕುವಾಗಲೂ ಇದೇ ತೊಡಕು ಬರಬಹುದು. ತಯಾರಕರ ಜಾಲತಾಣದಲ್ಲಿ ಬೋರ್ಡಿನ ಪುಟಕ್ಕೆ ಹೋದರೆ ಯಾವ ಪ್ರೊಸೆಸರ್‌ಗೆ ಯಾವ ಬಯಾಸ್ ಆವೃತ್ತಿ ಬೇಕೆಂಬ ಪಟ್ಟಿ ಇರುತ್ತದೆ. ಬಯಾಸ್ ಅಪ್‌ಡೇಟ್ ಮಾಡಿಯೇ ಕೊಡುವಂತೆ ಅಂಗಡಿಯವರನ್ನು ಕೇಳಬಹುದು, ಇಲ್ಲವೇ ಪೆನ್ ಡ್ರೈವ್ ಚುಚ್ಚಿ ಗುಂಡಿ ಒತ್ತಿದರೆ ಪ್ರೊಸೆಸರ್ ಇಲ್ಲದೆಯೂ ಬಯಾಸ್ ಬದಲಿಸಿಕೊಳ್ಳುವ ಸೌಲಭ್ಯವಿರುವ ಬೋರ್ಡನ್ನೇ ಆರಿಸಬಹುದು.

ರ‍್ಯಾಮ್ 16 ಜಿಬಿ ಇರಲಿ, ಅದು 8 ಜಿಬಿಯ ಎರಡು ಕಡ್ಡಿಗಳಾಗಿರಲಿ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ತನ್ನ ಕೆಲಸಕ್ಕೆ ಇದೇ ರ‍್ಯಾಮನ್ನು ಬಳಸುವುದರಿಂದ, ಒಂದೇ ಕಡ್ಡಿಗೂ ಎರಡು ಕಡ್ಡಿಗೂ ಆಟಗಳಲ್ಲಿ ಎದ್ದುಕಾಣುವ ವ್ಯತ್ಯಾಸವಿದೆ. ವಿಂಡೋಸ್ ಇರುವ ಡಿಸ್ಕು, ಬೋರ್ಡಿಗೇ ನೇರವಾಗಿ ಚುಚ್ಚುವ ಪಟ್ಟಿಯಂತಹ ಎಂ.2 ಎನ್‌ವಿಎಂಇ ಎಸ್‌ಎಸ್‌ಡಿ ಆಗಿರಬೇಕು. ನೋಡಲು ಅದರಂತೆಯೇ ಇರುವ ಎಂ.2 ಸಾಟಾ ಡ್ರೈವ್‌ಗಳು ಸೆಕೆಂಡಿಗೆ ಸುಮಾರು 550 ಎಂಬಿ ವೇಗಕ್ಕೇ ನಿಲ್ಲುತ್ತವೆ. 5600ಜಿ ಕೊಳ್ಳುವವರು ದುಬಾರಿ ಪಿಸಿಐಇ 4.0 (ಎಸ್‌ಎಸ್‌ಡಿ ಮಾಹಿತಿ ಸಾಗಿಸುವ ಮಾರ್ಗದ ನಾಲ್ಕನೆಯ ಪೀಳಿಗೆ) ಎಸ್‌ಎಸ್‌ಡಿಗೆ ಹೆಚ್ಚಿನ ಹಣ ಕೊಡಬೇಕಾಗಿಲ್ಲ, ಏಕೆಂದರೆ ಆ ಪ್ರೊಸೆಸರ್ ಪಿಸಿಐಇ 3.0ನ್ನಷ್ಟೇ ಬಲ್ಲದು.

ಇನ್ನು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹೊಂದುವಂತೆ ಮಾಡಿ ಕೊಡುವ ಡಬ್ಬಿ. ಒಟ್ಟು ಬಜೆಟ್ ಮೀರಿದಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಇದಕ್ಕೇ, ಆದರೆ ಕತ್ತರಿ ಹಾಕಲೇಬಾರದ ಭಾಗವೂ ಇದೇ. ಕ್ಯಾಬಿನೆಟ್ ಜೊತೆ ಪುಕ್ಕಟೆಯೆಂಬಂತೆ ಬರುವ ಹಗುರವಾದ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 450 ವ್ಯಾಟ್ ಎಂದಿರುತ್ತದೆ. ಕಣ್ಣಿಡಬೇಕಾದದ್ದು ಬದಿಯ ಲೇಬಲ್ಲಿನ ಸಣ್ಣ ಕೋಷ್ಟಕದ ಮೇಲೆ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ವಿದ್ಯುತ್ ಎಳೆಯುವುದು ಮುಖ್ಯವಾಗಿ 12 ವೋಲ್ಟಿನ ಸಾಲಿನಿಂದ. ಅಲ್ಲಿ 16 ಆಂಪಿಯರ್ ಎಂದಿದ್ದರೆ ಹನ್ನೆರಡರಿಂದ ಗುಣಿಸಿ ನೋಡಿ, ಸಿಗುವುದು 192 ವ್ಯಾಟ್ ಮಾತ್ರ. ನಿಜವಾದ 450 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಅದೇ ಜಾಗದಲ್ಲಿ ಸುಮಾರು 36 ಆಂಪಿಯರ್ ಇರುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ 5600ಜಿ ಯಂತ್ರ 150 ವ್ಯಾಟ್ ದಾಟುವುದು ಅಪರೂಪವಾದ್ದರಿಂದ ಹೆಸರಾಂತ ಕಂಪನಿಯ, 80 ಪ್ಲಸ್ ಬ್ರಾಂಜ್ ಗುರುತಿನ 450 ವ್ಯಾಟ್ ಧಾರಾಳವಾಯಿತು. ಮುಂದೆ ಆರ್‌ಟಿಎಕ್ಸ್ 4060ರಂತಹ ಗ್ರಾಫಿಕ್ಸ್ ಕಾರ್ಡ್ ಹಾಕುವ ಆಸೆಯಿದ್ದರೆ 550 ವ್ಯಾಟ್ ಕೊಂಡುಬಿಡಿ. 80 ಪ್ಲಸ್ ಎಂಬುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದರ ಗುರುತೇ ಹೊರತು ಗುಣಮಟ್ಟದ ಪೂರ್ಣ ಪ್ರಮಾಣಪತ್ರವಲ್ಲ. ಹಾಗಾಗಿ ಐದು ವರ್ಷ ವಾರಂಟಿ ಕೊಡುವ ಮಾದರಿಯನ್ನು ಹುಡುಕುವುದು ಲೇಸು.

ನಮ್ಮ ಊರುಗಳ ಕರೆಂಟಿನ ಲೆಕ್ಕವೂ ಇಲ್ಲಿ ಸೇರಬೇಕು. ಸಾಮಾನ್ಯ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಹೊರುತ್ತದೆ, ಮೇಲಿನ ಯಂತ್ರಕ್ಕೂ ಮಾನಿಟರಿಗೂ ಅದು ಸಾಕು, ಕಡತವನ್ನು ಉಳಿಸಿ ಯಂತ್ರವನ್ನು ಆಫ್ ಮಾಡುವಷ್ಟು ಸಮಯ ಸಿಗುತ್ತದೆ. ಮನೆಯ ಇನ್ವರ್ಟರನ್ನೇ ನಂಬುವವರು ಅದರ ಹಿಂದಿನ ಸ್ವಿಚ್ ‘ಯುಪಿಎಸ್’ ಕಡೆಗಿದೆಯೇ ಎಂದು ನೋಡಬೇಕು, ಇಲ್ಲವಾದರೆ ಕರೆಂಟ್ ಹೋದ ಕ್ಷಣವೇ ಕಂಪ್ಯೂಟರ್ ಮರುಚಾಲನೆಯಾಗಬಹುದು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ದೋಷ ಬಹುತೇಕ ಗೋಡೆಯ ಸಾಕೆಟ್ಟಿನ ಅರ್ತಿಂಗಿನದು. ಎಲೆಕ್ಟ್ರಿಷಿಯನ್ನನ್ನು ಕರೆಸಿ ಅದನ್ನು ಸರಿಪಡಿಸಿದ ಮೇಲೆಯೇ ಯಂತ್ರವನ್ನು ಬಳಸಬೇಕು.

ಕ್ಯಾಬಿನೆಟ್ಟಿನ ವಿಷಯದಲ್ಲಿ ಬಣ್ಣದ ದೀಪಗಳಿಗಿಂತ ಮುಂಭಾಗದ ಜಾಲರಿ ಮುಖ್ಯ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮುಂಭಾಗಕ್ಕೆ ಗಾಜು ಮುಚ್ಚಿದ ಕ್ಯಾಬಿನೆಟ್ ಒಳಗೊಳಗೇ ಬೇಯುತ್ತದೆ. ಬಿಚ್ಚಿ ತೊಳೆಯಬಹುದಾದ ಧೂಳಿನ ಜಾಲರಿಯಿರಲಿ, ಮೈಕ್ರೊ ಎಟಿಎಕ್ಸ್ ಎಂಬ ಅಳತೆಯ ಬೋರ್ಡು ಹಿಡಿಯಲಿ, ಅಷ್ಟು ಸಾಕು. ಮೇಲೆ ಹೇಳಿದ ಎರಡೂ ಪ್ರೊಸೆಸರ್‌ಗಳ ಡಬ್ಬಿಯಲ್ಲೇ ಫ್ಯಾನ್ ಬರುವುದರಿಂದ ಬೇರೆ ಕೂಲರ್ ಬೇಡ. ಡಬ್ಬಿಯಿಲ್ಲದೆ ಮಾರುವ ‘ಟ್ರೇ’ ಚಿಪ್ಪಿಗೆ ಸಾಮಾನ್ಯವಾಗಿ ಈ ಫ್ಯಾನೂ ಇಲ್ಲ, ಡಬ್ಬಿಯ ಚಿಪ್ಪಿಗೆ ತಯಾರಕರು ಕೊಡುವ ಮೂರು ವರ್ಷದ ವಾರಂಟಿಯೂ ಇಲ್ಲ. ಇರುವುದು ಅಂಗಡಿಯವರ ಮಾತು ಮಾತ್ರ.

ಕೊಳ್ಳುವ ದಿನ ಎರಡು ಮೂರು ಅಂಗಡಿಗಳಲ್ಲಿ ಪೂರ್ಣ ಮಾದರಿ ಸಂಖ್ಯೆಗಳಿರುವ ಕೊಟೇಶನ್ ಬರೆಸಿಕೊಂಡು, 18 ಶೇಕಡಾ ಜಿಎಸ್‌ಟಿ ಸೇರಿದ ಮೊತ್ತಗಳನ್ನೇ ಹೋಲಿಸಬೇಕು. ಕಚ್ಚಾ ಬಿಲ್ಲಿನಲ್ಲಿ ಸ್ವಲ್ಪ ಉಳಿಯುತ್ತದೆ ಎಂಬ ಮಾತಿಗೆ ಒಪ್ಪಬಾರದು, ಏಕೆಂದರೆ ಸರ್ವಿಸ್ ಸೆಂಟರಿನವರು ಕೇಳುವುದು ಸೀರಿಯಲ್ ಸಂಖ್ಯೆಯಿರುವ ಜಿಎಸ್‌ಟಿ ಬಿಲ್ಲನ್ನು. ಮನೆಗೆ ತಂದು ಜೋಡಿಸಿದ ಮೇಲೆ ಮೊದಲು ಬಯಾಸ್ ತೆರೆದು ರ‍್ಯಾಮಿನ ವೇಗವನ್ನು ನೋಡಿ: ಡಬ್ಬಿಯ ಮೇಲೆ 3200 ಎಂದಿದ್ದು ಪರದೆಯ ಮೇಲೆ 2133 ಅಥವಾ 2666 ಕಂಡರೆ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಚಾಲೂ ಮಾಡಬೇಕು. ಎರಡು ಕಡ್ಡಿಗಳಲ್ಲಿ ಒಂದೇ ಲೆಕ್ಕಕ್ಕೆ ಬಂದಿದ್ದರೆ ಅವು (ನಾಲ್ಕು ಸ್ಲಾಟುಗಳ ಬೋರ್ಡಾದರೆ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ) ಸ್ಲಾಟಿನಲ್ಲಿ ಕ್ಲಿಕ್ ಎನ್ನುವವರೆಗೆ ಕೂತಿವೆಯೇ ಎಂದು ನೋಡಿ. ಆಗಲೂ ಒಂದೇ ಕಂಡರೆ ಕಡ್ಡಿಗಳನ್ನು ಅದಲುಬದಲು ಮಾಡಿ, ಕೆಟ್ಟಿರುವುದು ಕಡ್ಡಿಯೋ ಸ್ಲಾಟೋ ಎಂದು ತಿಳಿದುಕೊಂಡು, ಬದಲಿಸಿ ಕೊಡುವ ಅವಧಿ ಮುಗಿಯುವ ಮೊದಲೇ ಅಂಗಡಿಗೆ ಒಯ್ಯಿರಿ.